1780ರ ಮಹಾ ಚಂಡಮಾರುತ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರಿಬಿಯನ್ ದ್ವೀಪಗಳ ಮೇಲೆ 1780ರ ಅಕ್ಟೋಬರಿನಲ್ಲಿ ಎರಗಿದ ಚಂಡಮಾರುತದ ಬಗ್ಗೆ ಓದುಗರು ಪತ್ರಗಳಲ್ಲಿಯೂ ಮಾತುಕತೆಗಳಲ್ಲಿಯೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಅವರದೇ ಮಾತುಗಳಲ್ಲಿ ಒಟ್ಟುಗೂಡಿಸಲಾಗಿದೆ. ಸರಳ ಪ್ರಶ್ನೆಗಳು ಮೊದಲು ಬರುತ್ತವೆ, ಬಿಡಿಸಿ ಹೇಳಬೇಕಾದವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ಈ ಚಂಡಮಾರುತಕ್ಕೆ ಇಷ್ಟು ಮಹತ್ವ ಏಕೆ? ಪ್ರತಿ ವರ್ಷ ಅಲ್ಲಿ ಬಿರುಗಾಳಿ ಬರುತ್ತಲೇ ಇರುತ್ತದಲ್ಲವೇ?

ಬರುತ್ತದೆ. ಆದರೆ ಅಟ್ಲಾಂಟಿಕ್ ಸಾಗರದಲ್ಲಿ ಎದ್ದ ಚಂಡಮಾರುತಗಳಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡದ್ದು ಇದೇ. ಸತ್ತವರ ಸಂಖ್ಯೆ ಸುಮಾರು 22,000 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1900ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್ ನಗರವನ್ನು ಕೊಚ್ಚಿಕೊಂಡು ಹೋದ ಚಂಡಮಾರುತವಾಗಲಿ, 1998ರಲ್ಲಿ ಮಧ್ಯ ಅಮೆರಿಕದಲ್ಲಿ 11,000ಕ್ಕೂ ಹೆಚ್ಚು ಜನರನ್ನು ಕೊಂದ ‘ಮಿಚ್’ ಆಗಲಿ ಆ ಸಂಖ್ಯೆಯನ್ನು ಮುಟ್ಟಲಿಲ್ಲ. ಎರಡೂವರೆ ಶತಮಾನದ ಹತ್ತಿರ ಬಂದರೂ ಆ ದಾಖಲೆ ಹಾಗೆಯೇ ಉಳಿದಿದೆ. ಜಗತ್ತಿನ ಲೆಕ್ಕ ಹಿಡಿದರೆ ಮಾತ್ರ ನಮ್ಮ ಬಂಗಾಳ ಕೊಲ್ಲಿಯದು ಇದಕ್ಕಿಂತ ಬಹಳ ದೊಡ್ಡ ದುಃಖ: 1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಭೋಲಾ ಸೀಮೆಯಲ್ಲಿ ಸತ್ತವರ ಸಂಖ್ಯೆ ಮೂರು ಲಕ್ಷಕ್ಕೂ ಮೀರಿತೆಂಬ ಅಂದಾಜಿದೆ.

ಅದಕ್ಕೆ ‘ಮಿಚ್’, ‘ಮಾರಿಯಾ’ ತರಹ ಹೆಸರು ಇಲ್ಲವೇ?

ಚಂಡಮಾರುತಗಳಿಗೆ ಮೊದಲೇ ಸಿದ್ಧಪಡಿಸಿದ ಪಟ್ಟಿಯಿಂದ ಹೆಸರಿಡುವ ಪದ್ಧತಿ ಇಪ್ಪತ್ತನೆಯ ಶತಮಾನದ್ದು. ಅದಕ್ಕೂ ಮೊದಲು ಸ್ಪೇನಿನ ಆಳ್ವಿಕೆಯಲ್ಲಿದ್ದ ದ್ವೀಪಗಳಲ್ಲಿ ಗಾಳಿ ಬಡಿದ ದಿನ ಯಾವ ಸಂತರ ಹಬ್ಬವೋ ಆ ಸಂತರ ಹೆಸರಿನಿಂದ ಅದನ್ನು ಕರೆಯುತ್ತಿದ್ದರು. ಅಕ್ಟೋಬರ್ 14 ಸಂತ ಕಲಿಕ್ಸ್ಟಸ್‌ರ ದಿನವಾದ್ದರಿಂದ ಪೋರ್ಟೊ ರಿಕೊದವರಿಗೆ ಇದು ‘ಸ್ಯಾನ್ ಕಲಿಕ್ಸ್ಟೊ’. ಇಂಗ್ಲಿಷ್ ಆಡಳಿತದ ದ್ವೀಪಗಳಲ್ಲಿ ‘ಮಹಾ ಚಂಡಮಾರುತ’ ಎಂಬ ಹೆಸರೇ ನಿಂತಿತು.

ಇದು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ನಾಡೇ? ಭೂಪಟದಲ್ಲಿ ಎಲ್ಲಿ ನೋಡಬೇಕು?

ಹೌದು, ಅದೇ ನಾಡು. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಿಂದ ಪೋರ್ಟೊ ರಿಕೊದವರೆಗೆ ಬಿಲ್ಲಿನಂತೆ ಬಾಗಿ ಸಾಲಾಗಿ ನಿಂತಿರುವ ಸಣ್ಣ ದ್ವೀಪಗಳನ್ನು ನೋಡಿ. ಗ್ರೆನಡಾ, ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾ, ಮಾರ್ಟಿನೀಕ್, ಡೊಮಿನಿಕ, ಗ್ವಾಡೆಲೂಪ್ ಹೀಗೆ ಅವು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತವೆ. ಈ ಸಾಲಿನಿಂದ ಹೊರಗೆ, ಪೂರ್ವಕ್ಕೆ, ಸಾಗರದಲ್ಲಿ ಒಂಟಿಯಾಗಿ ನಿಂತಿರುವುದು ಬಾರ್ಬಡೋಸ್. ಪೂರ್ವದಿಂದ ಬರುವ ಗಾಳಿ ಮೊದಲು ಮುಟ್ಟುವುದು ಅದನ್ನೇ.

ನಮ್ಮ ಓದುಗರಿಗೆ ಆ ಊರು ತೀರ ಅಪರಿಚಿತವೇನಲ್ಲ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಬಾರ್ಬಡೋಸಿನ ರಾಜಧಾನಿ ಬ್ರಿಜ್‌ಟೌನಿನಲ್ಲಿ. ಅದರ ಬೆನ್ನಿಗೇ ‘ಬೆರಿಲ್’ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿದ್ದರಿಂದ ರಾಹುಲ್ ದ್ರಾವಿಡ್ ಮಾರ್ಗದರ್ಶನದ ನಮ್ಮ ತಂಡ ಅಲ್ಲಿಯೇ ಸಿಕ್ಕಿಹಾಕಿಕೊಂಡಿತ್ತು. ಬೆರಿಲ್‌ನ ಕೇಂದ್ರ ಅಂದು ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. 1780ರಲ್ಲಿ ಆ ದ್ವೀಪಕ್ಕೆ ಅಂಥ ಅದೃಷ್ಟ ಇರಲಿಲ್ಲ.

ಹರಿಕೇನ್ ಬೇರೆ, ನಮ್ಮ ಕಡೆಯ ಸೈಕ್ಲೋನ್ ಬೇರೆಯೇ?

ಭೌತಿಕವಾಗಿ ಎರಡೂ ಒಂದೇ. ಬೆಚ್ಚಗಿನ ಸಮುದ್ರದ ನೀರು ಆವಿಯಾಗಿ ಮೇಲೇರಿ ಮೋಡಗಟ್ಟುವಾಗ ಬಿಡುಗಡೆಯಾಗುವ ಶಾಖವೇ ಎರಡಕ್ಕೂ ಇಂಧನ. ಎರಡೂ ಕಡಿಮೆ ಒತ್ತಡದ ಕೇಂದ್ರದ ಸುತ್ತ ಅಪ್ರದಕ್ಷಿಣೆಯಾಗಿ ಸುತ್ತುತ್ತವೆ, ಏಕೆಂದರೆ ಎರಡೂ ಸಮಭಾಜಕ ವೃತ್ತದ ಉತ್ತರಕ್ಕಿವೆ. ವ್ಯತ್ಯಾಸ ಇರುವುದು ಋತುವಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ಮುಂಗಾರಿನ ಮುಂಚೆ ಮತ್ತು ಮುಂಗಾರು ಹಿಂದೆಗೆದ ಮೇಲೆ ಎರಡು ಬಾರಿ ಅಪಾಯದ ಕಾಲ ಬಂದರೆ, ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಒಂದೇ ಉದ್ದನೆಯ ಋತು. ಅದರಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಕಠಿಣ.

## ಗಾಳಿ ಹಿಡಿದ ಹಾದಿ

ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಮುಗಿಯಿತು?

ಕಣ್ಣಿಗೆ ಕಂಡ ಮೊದಲ ಸಾಕ್ಷ್ಯ ಬಾರ್ಬಡೋಸಿನದು, ಅಕ್ಟೋಬರ್ 10. ಅದಕ್ಕೂ ಮುಂಚೆ ತೆರೆದ ಸಾಗರದಲ್ಲಿ, ಆಫ್ರಿಕದ ಪಶ್ಚಿಮ ಕರಾವಳಿಯಾಚೆಯ ಕೇಪ್ ವರ್ಡ್ ದ್ವೀಪಗಳ ಕಡೆ ಅದು ಹುಟ್ಟಿರಬೇಕೆಂದು ಪರಿಣತರು ತರ್ಕಿಸುತ್ತಾರೆ. ಇಷ್ಟು ಬಲ ಪಡೆದು ಇಲ್ಲಿಗೆ ಬರುವ ಚಂಡಮಾರುತಗಳಲ್ಲಿ ಹೆಚ್ಚಿನವು ಆ ಕಡೆಯಿಂದಲೇ ಬರುತ್ತವೆ.

ಬಾರ್ಬಡೋಸಿನಿಂದ ಅದು ವಾಯವ್ಯಕ್ಕೆ ಸಾಗಿತು. ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾ, ಮಾರ್ಟಿನೀಕ್ ದ್ವೀಪಗಳನ್ನು ಅಪ್ಪಳಿಸಿ, ಡೊಮಿನಿಕ, ಗ್ವಾಡೆಲೂಪ್‌ಗಳನ್ನು ಸವರಿಕೊಂಡು ಸಿಂಟ್ ಯುಸ್ಟಾಷಿಯಸ್ ತನಕ ಹೋಯಿತು. ಅಲ್ಲಿಂದ ಪೋರ್ಟೊ ರಿಕೊದ ಹತ್ತಿರ ಬಂದು, ಪೋರ್ಟೊ ರಿಕೊ ಮತ್ತು ಹಿಸ್ಪಾನಿಯೋಲಗಳ ನಡುವಿನ ಮೋನಾ ಜಲಸಂಧಿಯ ಪ್ರದೇಶವನ್ನು ಹಾದು, ಇಂದಿನ ಡೊಮಿನಿಕನ್ ಗಣರಾಜ್ಯದ ಪೂರ್ವಭಾಗಕ್ಕೂ ಹಾನಿ ಮಾಡಿತು. ಆಮೇಲೆ ಉತ್ತರಕ್ಕೆ, ಬಳಿಕ ಈಶಾನ್ಯಕ್ಕೆ ಹೊರಳಿತು. ಅಕ್ಟೋಬರ್ 18ರ ಹೊತ್ತಿಗೆ ಬರ್ಮುಡಾದ ಆಗ್ನೇಯಕ್ಕೆ ಹಾದುಹೋಗುವಾಗ ಅಲ್ಲಿ ಸುಮಾರು 50 ಹಡಗುಗಳನ್ನು ದಡಕ್ಕೆ ಎತ್ತಿಹಾಕಿತು. ಕೊನೆಯ ಸುಳಿವು ಸಿಗುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಆಗ್ನೇಯಕ್ಕೆ, ತಣ್ಣನೆಯ ಉತ್ತರ ಅಟ್ಲಾಂಟಿಕ್‌ನಲ್ಲಿ.

ಈ ಹಾದಿಯಲ್ಲಿ ಗಮನಿಸಬೇಕಾದ ಸಂಗತಿ ವೇಗದ್ದು. ಬಾರ್ಬಡೋಸಿನಿಂದ ಮೋನಾ ಜಲಸಂಧಿಗೆ ಸುಮಾರು ಸಾವಿರ ಕಿಲೋಮೀಟರ್. ಅದನ್ನು ಕ್ರಮಿಸಲು ಈ ಚಂಡಮಾರುತ ಮೂರು ದಿನಕ್ಕಿಂತ ಹೆಚ್ಚು ತೆಗೆದುಕೊಂಡಿತು. ಅಂದರೆ ಮನುಷ್ಯ ಓಡುವಷ್ಟು ವೇಗದಲ್ಲಿ ಅದು ಸರಿಯುತ್ತಿತ್ತು. ಹೀಗಾಗಿ ಬೇರೆ ಚಂಡಮಾರುತವಾದರೆ ಕೆಲವೇ ಗಂಟೆಗಳಲ್ಲಿ ಬಡಿದು ಮುಗಿಸುವ ಹೊಡೆತವನ್ನು ಪ್ರತಿ ದ್ವೀಪವೂ ಒಂದು ಹಗಲು, ಒಂದು ರಾತ್ರಿ ಅನುಭವಿಸಬೇಕಾಯಿತು.

ಉಪಗ್ರಹ, ರೇಡಾರ್ ಏನೂ ಇಲ್ಲದ ಕಾಲದಲ್ಲಿ ಈ ದಾರಿಯನ್ನು ಹೇಗೆ ಕಂಡುಹಿಡಿದರು?

ಹಡಗುಗಳ ದಿನಚರಿ ಪುಸ್ತಕಗಳಿಂದ. ಆ ಕಾಲದ ಪ್ರತಿ ಯುದ್ಧನೌಕೆಯಲ್ಲಿಯೂ ಗಾಳಿಯ ದಿಕ್ಕು, ಅದರ ಬಲ, ಹಡಗಿನ ಸ್ಥಾನಗಳನ್ನು ಹೊತ್ತುಹೊತ್ತಿಗೆ ಬರೆದಿಡುವ ಕಟ್ಟುನಿಟ್ಟಾದ ನಿಯಮವಿತ್ತು. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಚಂಡಮಾರುತದ ಕೇಂದ್ರ ನಮ್ಮ ಎಡಗೈಯ ಕಡೆಗಿರುತ್ತದೆ. ಹೀಗಾಗಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕಡೆ ಇದ್ದ ಎರಡು ಹಡಗುಗಳು ಗಾಳಿ ಯಾವ ದಿಕ್ಕಿನಿಂದ ಬೀಸಿತೆಂದು ಬರೆದಿದ್ದರೆ, ಕೇಂದ್ರ ಎಲ್ಲಿತ್ತೆಂದು ಭೂಪಟದ ಮೇಲೆ ಗೆರೆ ಎಳೆದು ಕಂಡುಕೊಳ್ಳಬಹುದು.

ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದವನು ಬ್ರಿಟಿಷ್ ಸೇನೆಯ ಎಂಜಿನಿಯರ್ ವಿಲಿಯಂ ರೀಡ್. 1831ರಲ್ಲಿ ಇನ್ನೊಂದು ಭೀಕರ ಚಂಡಮಾರುತ ಬಾರ್ಬಡೋಸನ್ನು ನೆಲಸಮ ಮಾಡಿದಾಗ ಸರ್ಕಾರಿ ಕಟ್ಟಡಗಳನ್ನು ಮತ್ತೆ ಕಟ್ಟಿಸಲು ಅವನನ್ನು ಅಲ್ಲಿಗೆ ಕಳುಹಿಸಲಾಗಿತ್ತು. ಕಣ್ಣೆದುರಿನ ಹಾಳನ್ನು ಕಂಡವನು ಅದರ ಕಾರಣವನ್ನು ಹುಡುಕಲು ಹೊರಟು, 1780ರ ಹಳೆಯ ದಿನಚರಿಗಳನ್ನು ತೆಗೆಸಿ, 1838ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ವಿಶ್ಲೇಷಿಸಿದ. ಅದೇ ಗ್ರಂಥ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್‌ನ ಕೈಸೇರಿ, ಬಂಗಾಳ ಕೊಲ್ಲಿಯ ಬಿರುಗಾಳಿಗಳ ಮೊದಲ ವ್ಯವಸ್ಥಿತ ಅಧ್ಯಯನಕ್ಕೆ ಪ್ರೇರಣೆಯಾಯಿತು. ಬಾರ್ಬಡೋಸಿನ ಸಾವುನೋವಿಗೂ ನಮ್ಮ ಪೂರ್ವ ಕರಾವಳಿಯ ಹವಾಮಾನ ವಿಜ್ಞಾನಕ್ಕೂ ಇರುವ ಈ ನೇರ ಸಂಬಂಧ ಹೆಚ್ಚಿನವರ ಗಮನಕ್ಕೆ ಬಂದಿಲ್ಲ.

ಪಶ್ಚಿಮಕ್ಕೆ ಹೊರಟದ್ದು ಈಶಾನ್ಯಕ್ಕೆ ತಿರುಗಿದ್ದು ಏಕೆ?

ಚಂಡಮಾರುತ ತಾನಾಗಿ ದಾರಿ ಆರಿಸಿಕೊಳ್ಳುವುದಿಲ್ಲ. ಸುತ್ತಲಿನ ವಾತಾವರಣದ ದೊಡ್ಡ ಪ್ರವಾಹ ಅದನ್ನು ಹೊತ್ತೊಯ್ಯುತ್ತದೆ. ಅಟ್ಲಾಂಟಿಕ್‌ನ ನಡುವೆ ಬರ್ಮುಡಾ ಮತ್ತು ಅಜೋರ್ಸ್ ದ್ವೀಪಗಳ ಸುತ್ತ ಅಧಿಕ ಒತ್ತಡದ ವಲಯ ನಿಂತಿರುತ್ತದೆ. ಅದರ ದಕ್ಷಿಣದ ಅಂಚಿನಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹರಿದರೆ, ಪಶ್ಚಿಮದ ಅಂಚಿನಲ್ಲಿ ಉತ್ತರಕ್ಕೆ ಹೊರಳುತ್ತದೆ. ಇನ್ನೂ ಮೇಲೆ ಹೋದರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮಾರುತಗಳು ಸಿಗುತ್ತವೆ. ಹಿಸ್ಪಾನಿಯೋಲದ ಬಳಿ ಈ ಚಂಡಮಾರುತಕ್ಕೆ ಆ ವಲಯದ ಪಶ್ಚಿಮದ ಅಂಚು ಸಿಕ್ಕಿತು. ಅಲ್ಲಿ ತಿರುಗದೆ ನೇರವಾಗಿ ಹೋಗಿದ್ದರೆ ಕ್ಯೂಬಾ ಅಥವಾ ಜಮೈಕಾ ಅದರ ಬಾಯಿಗೆ ಬೀಳುತ್ತಿತ್ತು.

## ನಾಶದ ವಿವರ

ಬಾರ್ಬಡೋಸಿನಲ್ಲಿ ಆ ರಾತ್ರಿ ನಿಜವಾಗಿ ಏನಾಯಿತು?

ಅಲ್ಲಿನ ರಾಜ್ಯಪಾಲ ಜೇಮ್ಸ್ ಕನ್ನಿಂಗ್‌ಹ್ಯಾಮ್‌ನ ಮನೆಯಲ್ಲಿ ನಡೆದದ್ದರ ವಿವರ ಉಳಿದುಬಂದಿದೆ. ಆ ರಾತ್ರಿಯನ್ನು ಹತ್ತಿರದಿಂದ ಕಾಣಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಬೆಳಿಗ್ಗೆಯೇ ಗಾಳಿ ಬಲಿತಿತ್ತು, ಮಧ್ಯಾಹ್ನದ ಹೊತ್ತಿಗೆ ಮರಗಳು ಬೇರುಸಹಿತ ಉರುಳುತ್ತಿದ್ದವು. ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಒಳಗಿನಿಂದ ಅಡ್ಡಕಟ್ಟಿ ಭದ್ರಪಡಿಸಿದರು. ಗೋಡೆಗಳು ಮೂರಡಿ ದಪ್ಪ, ಕಟ್ಟಡದ ನಡುಭಾಗ ದುಂಡಗಿನದು, ಆದ್ದರಿಂದ ಕುಟುಂಬದವರು ಆ ನಡುಭಾಗಕ್ಕೆ ಸರಿದು ಅಲ್ಲಿ ಬದುಕಿಕೊಳ್ಳಬಹುದೆಂದು ನಂಬಿದರು. ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಗಾಳಿ ಎಲ್ಲ ಕಡೆಯಿಂದ ಒಳನುಗ್ಗಿ ಸೂರಿನ ಹೆಚ್ಚಿನ ಭಾಗವನ್ನು ಕಿತ್ತೊಯ್ದಾಗ ನೆಲಮಾಳಿಗೆಗೆ ಇಳಿದರು. ಅಲ್ಲಿ ಮಳೆನೀರು ಹೊರಹೋಗಲು ದಾರಿಯಿಲ್ಲದೆ ನಾಲ್ಕಡಿ ಎತ್ತರಕ್ಕೆ ಏರಿತು, ಮೇಲಿನಿಂದ ಗೋಡೆಯ ಚೂರುಗಳು ಬೀಳತೊಡಗಿದವು. ಮೇಲೆ ಹೋಗುವಂತಿಲ್ಲ, ಕೆಳಗೆ ನಿಲ್ಲುವಂತಿಲ್ಲ. ಕೊನೆಗೆ ಕತ್ತಲಲ್ಲಿ ಬಯಲಿಗೆ ಬಂದು, ಗಾಳಿಯ ಹೊಡೆತಕ್ಕೆ ನೆಲಕ್ಕೆ ಬಿದ್ದು ಏಳುತ್ತ, ಕೋಟೆಯ ಒಂದು ಫಿರಂಗಿಯ ಗಾಡಿಯ ಅಡಿಯಲ್ಲಿ ಹುದುಗಿ ಕುಳಿತರು. ಪಕ್ಕದ ಫಿರಂಗಿಗಳು ಗಾಳಿಗೆ ಜರುಗುತ್ತಿದ್ದವು. ತಮ್ಮ ತಲೆಯ ಮೇಲಿನದೂ ಕಳಚಿ ಮೈಮೇಲೆ ಬಿದ್ದೀತೆಂಬ ಭಯದಲ್ಲಿ ಬೆಳಗಿನವರೆಗೆ ಕಳೆದರು.

ದ್ವೀಪದ ಅತ್ಯಂತ ಗಟ್ಟಿಯಾದ ಮನೆಯಲ್ಲಿದ್ದವರ ಗತಿ ಇದು. ಕಬ್ಬಿನ ತೋಟಗಳ ಅಂಚಿನಲ್ಲಿ ಕಡ್ಡಿ, ಮಣ್ಣು, ಹುಲ್ಲಿನ ಗುಡಿಸಲುಗಳಲ್ಲಿದ್ದ ಸಾವಿರಾರು ಗುಲಾಮರ ಬಗ್ಗೆ ಹೀಗೆ ಗಂಟೆಗಂಟೆಯ ವಿವರ ಬರೆದವರು ಯಾರೂ ಇಲ್ಲ. ಬೆಳಗಾದಾಗ ಬ್ರಿಜ್‌ಟೌನಿನಲ್ಲಿ ಬೆರಳೆಣಿಕೆಯ ಕಟ್ಟಡಗಳು ನಿಂತಿದ್ದವು. ಆಲೆಮನೆಗಳು, ಕಬ್ಬು ಅರೆಯುವ ಗಾಳಿಗಾಣಗಳು, ಚರ್ಚುಗಳು, ಶಸ್ತ್ರಾಗಾರ ಎಲ್ಲವೂ ಕುಸಿದಿದ್ದವು. ದ್ವೀಪದಲ್ಲಿ ಸತ್ತವರು ಸುಮಾರು 4,500 ಎಂದು ಲೆಕ್ಕ ಹಾಕಲಾಯಿತು.

ಬೇರೆ ದ್ವೀಪಗಳಲ್ಲಿ ಎಷ್ಟು ಹಾನಿ?

ಅತಿ ಹೆಚ್ಚು ಜನ ಸತ್ತದ್ದು ಫ್ರೆಂಚರ ವಶದಲ್ಲಿದ್ದ ಮಾರ್ಟಿನೀಕ್‌ನಲ್ಲಿ, ಸುಮಾರು 9,000. ಅಲ್ಲಿನ ಸೇಂಟ್ ಪಿಯೆರ್ ಪಟ್ಟಣದ ಮೇಲೆ ಸಮುದ್ರವೇ ಏರಿಬಂದು ಕಡಲ ಬದಿಯ ಮನೆಗಳನ್ನು ಗುಡಿಸಿಕೊಂಡು ಹೋಯಿತು. ಸೇಂಟ್ ಲೂಸಿಯಾದಲ್ಲಿ ಸುಮಾರು 6,000 ಜನ ಸತ್ತರು. ಅಲ್ಲಿನ ಕ್ಯಾಸ್ಟ್ರೀಸ್ ಬಂದರಿನಲ್ಲಿ ಅಲೆಗಳು ಒಂದು ಹಡಗನ್ನು ಎತ್ತಿ ಆಸ್ಪತ್ರೆಯ ಕಟ್ಟಡದ ಮೇಲೆ ಕೆಡವಿದವೆಂದೂ, ಊರಿನಲ್ಲಿ ಎರಡೇ ಮನೆಗಳು ಉಳಿದವೆಂದೂ ಅಂದಿನ ವರದಿಗಳು ಹೇಳುತ್ತವೆ. ಸೇಂಟ್ ವಿನ್ಸೆಂಟ್‌ನ ಕಿಂಗ್ಸ್‌ಟೌನಿನಲ್ಲಿದ್ದ 600 ಮನೆಗಳಲ್ಲಿ 584 ಹಾಳಾದವು.

ಡಚ್ಚರ ಸಿಂಟ್ ಯುಸ್ಟಾಷಿಯಸ್ ಬರಿಯ 20 ಚದರ ಕಿಲೋಮೀಟರಿನಷ್ಟು ಸಣ್ಣ ದ್ವೀಪ. ಅಲ್ಲಿ 4,000ದಿಂದ 5,000 ಜನ ಸತ್ತರೆಂಬುದು ಮೊದಲಿಗೆ ನಂಬಲು ಕಷ್ಟ. ಆದರೆ ಆ ದ್ವೀಪ ಅಂದು ಇಡೀ ಪ್ರದೇಶದ ಸಂತೆಯಾಗಿತ್ತು. ಬಂಡೆದ್ದ ಅಮೆರಿಕನ್ನರಿಗೆ ಮದ್ದುಗುಂಡು ಹೋಗುತ್ತಿದ್ದದ್ದು ಅಲ್ಲಿಂದ, ಮತ್ತು ಅದರ ಕಡಲತೀರದ ಉದ್ದಕ್ಕೂ ಗೋದಾಮುಗಳೂ ಲಂಗರು ಹಾಕಿದ ಹಡಗುಗಳೂ ಕಿಕ್ಕಿರಿದಿದ್ದವು. ಅಲೆ ಮೊದಲು ಬಂದದ್ದು ಅವುಗಳ ಮೇಲೆಯೇ.

ಇಷ್ಟೊಂದು ಹಡಗುಗಳು ಅಲ್ಲಿ ಏನು ಮಾಡುತ್ತಿದ್ದವು?

ಯುದ್ಧ ಮಾಡುತ್ತಿದ್ದವು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ 1778ರಲ್ಲಿ ಫ್ರಾನ್ಸ್, 1779ರಲ್ಲಿ ಸ್ಪೇನ್ ಕೈಜೋಡಿಸಿದ ಮೇಲೆ ಸಕ್ಕರೆ ಬೆಳೆಯುವ ಈ ದ್ವೀಪಗಳು ರಣರಂಗವಾದವು. ಸೇಂಟ್ ಲೂಸಿಯಾ ಬ್ರಿಟಿಷರ ವಶವಾಗಿತ್ತು, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡಾ ಫ್ರೆಂಚರ ಪಾಲಾಗಿದ್ದವು. ಸಾಮಾನ್ಯ ವರ್ಷವಾಗಿದ್ದರೆ ಚಂಡಮಾರುತದ ತಿಂಗಳುಗಳಲ್ಲಿ ಇಷ್ಟು ಜನ ಸಮುದ್ರದ ಮೇಲೆ ಇರುತ್ತಿರಲಿಲ್ಲ.

ಮಾರ್ಟಿನೀಕ್‌ನ ಬಳಿ ಫ್ರೆಂಚರ ಸುಮಾರು 40 ಹಡಗುಗಳ ಸಮೂಹ ಮುಳುಗಿ ಸುಮಾರು 4,000 ಸೈನಿಕರು ಸತ್ತರೆಂದು ದಾಖಲೆಗಳು ತಿಳಿಸುತ್ತವೆ. ಬ್ರಿಟಿಷ್ ನೌಕಾಪಡೆಯ ದಂಡನಾಯಕ ಜಾರ್ಜ್ ರಾಡ್ನಿ ತನ್ನ ಪಡೆಯ ಒಂದು ಭಾಗದೊಂದಿಗೆ ನ್ಯೂಯಾರ್ಕಿಗೆ ಹೋಗಿದ್ದ. ಡಿಸೆಂಬರಿನಲ್ಲಿ ಮರಳಿದಾಗ, ಬಿಟ್ಟುಹೋಗಿದ್ದ ಹನ್ನೆರಡು ಯುದ್ಧನೌಕೆಗಳಲ್ಲಿ ಎಂಟು ನಾಶವಾಗಿದ್ದವೆಂಬ ಲೆಕ್ಕ ಅವನ ಮುಂದಿತ್ತು. ಆ ನೌಕೆಗಳಲ್ಲಿದ್ದವರಲ್ಲಿ ಬದುಕಿ ಬಂದವರು ತೀರ ಕಡಿಮೆ.

ಶತ್ರುಗಳೇ ಒಬ್ಬರಿಗೊಬ್ಬರು ನೆರವಾದರು ಎಂದು ಓದಿದ್ದೇನೆ. ನಿಜವೇ, ಅಥವಾ ಕಟ್ಟುಕಥೆಯೇ?

ನಿಜ. ‘ಲಾರೆಲ್’ ಮತ್ತು ‘ಆಂಡ್ರೊಮಿಡಾ’ ಎಂಬ ಬ್ರಿಟಿಷ್ ಯುದ್ಧನೌಕೆಗಳು ಮಾರ್ಟಿನೀಕ್‌ನ ತೀರಕ್ಕೆ ಬಡಿದು ಒಡೆದವು. ಬದುಕಿ ದಡ ಸೇರಿದ ಕೆಲವೇ ನಾವಿಕರು ನಿಯಮದಂತೆ ಯುದ್ಧಕೈದಿಗಳಾಗಬೇಕಿತ್ತು. ಆದರೆ ದ್ವೀಪದ ಫ್ರೆಂಚ್ ರಾಜ್ಯಪಾಲ ಮಾರ್ಕಿ ದ ಬುಯ್ಯೆ, ಎಲ್ಲರಿಗೂ ಸಮಾನವಾಗಿ ಬಂದ ವಿಪತ್ತಿನಲ್ಲಿ ನೊಂದವರನ್ನು ಸೆರೆಯಾಳುಗಳೆಂದು ಇಟ್ಟುಕೊಳ್ಳಲಾರೆ ಎಂದು ತಿಳಿಸಿ ಅವರನ್ನು ಬ್ರಿಟಿಷರಿಗೆ ಒಪ್ಪಿಸಿದ. ಬಾರ್ಬಡೋಸಿನಲ್ಲಿಯೂ ಸೆರೆಮನೆ ಕುಸಿದಾಗ ಹೊರಬಂದ ಸ್ಪೇನಿನ ಯುದ್ಧಕೈದಿಗಳು ಓಡಿಹೋಗದೆ, ಅವಶೇಷಗಳಡಿ ಸಿಕ್ಕಿದ್ದವರನ್ನು ಎಳೆದು ತೆಗೆಯಲು ಊರವರ ಜೊತೆ ನಿಂತರು. ಆ ಅಕ್ಟೋಬರಿನ ವೃತ್ತಾಂತದಲ್ಲಿ ಮನಸ್ಸಿಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿಗಳೆಂದರೆ ಇವೇ.

ಸತ್ತವರಲ್ಲಿ ಹೆಚ್ಚಿನವರು ಯಾರು? ನಾವಿಕರೇ, ಊರಿನವರೇ?

ಹೆಚ್ಚಿನವರು ಆಫ್ರಿಕದಿಂದ ಬಲವಂತವಾಗಿ ತಂದ ಗುಲಾಮರು ಮತ್ತು ಅವರ ಮಕ್ಕಳು. ಈ ದ್ವೀಪಗಳ ಜನಸಂಖ್ಯೆಯಲ್ಲಿ ಬಹುಪಾಲು ಅವರೇ. ಈ ಒಂದು ಮಾತನ್ನು ಹೇಳದೆ 1780ರ ಕಥೆಯನ್ನು ಹೇಳುವ ಬರಹಗಳು ಬಹಳ ಇವೆ. ಅವುಗಳಲ್ಲಿ ದಂಡನಾಯಕರ ಹೆಸರುಗಳಿರುತ್ತವೆ, ಮುಳುಗಿದ ನೌಕೆಗಳ ಫಿರಂಗಿಗಳ ಸಂಖ್ಯೆಯೂ ಇರುತ್ತದೆ. ಸತ್ತವರಲ್ಲಿ ಬಹುಪಾಲು ಜನ ಯಾರೆಂಬುದು ಮಾತ್ರ ಇರುವುದಿಲ್ಲ.

ಇದಕ್ಕೆ ಕಾರಣ ಅಂದಿನ ದಾಖಲೆಗಳಲ್ಲಿಯೇ ಇದೆ. ಬಾರ್ಬಡೋಸಿನ ನಷ್ಟದ ಪಟ್ಟಿಗಳಲ್ಲಿ ಸತ್ತ ಗುಲಾಮರನ್ನು ಸತ್ತ ದನ ಮತ್ತು ಕುದುರೆಗಳ ಜೊತೆಗೆ, ಮಾಲೀಕರ ಸ್ವತ್ತಿನ ಹಾನಿಯಾಗಿ ಎಣಿಸಲಾಯಿತು. ಬಿಳಿಯರ ಸಾವು ಚರ್ಚಿನ ದಾಖಲೆಯಲ್ಲಿ ಹೆಸರಿನೊಂದಿಗೆ ಸೇರಿತು, ಗುಲಾಮರ ಸಾವು ಹಣದ ಲೆಕ್ಕದಲ್ಲಿ ಸಂಖ್ಯೆಯಾಗಿ ಸೇರಿತು. ಬಾರ್ಬಡೋಸಿನ ಒಟ್ಟು ನಷ್ಟ 13 ಲಕ್ಷ ಪೌಂಡಿಗೂ ಹೆಚ್ಚು ಎಂದು ಓದುವಾಗ, ಆ ಮೊತ್ತದೊಳಗೆ ಮನುಷ್ಯರ ಬೆಲೆಯೂ ಸೇರಿದೆ ಎಂಬುದನ್ನು ನೆನಪಿಡಬೇಕು.

ಗಾಳಿ ನಿಂತ ಮೇಲೂ ಜನ ಸಾಯುತ್ತಲೇ ಇದ್ದರು ಎನ್ನುತ್ತಾರೆ. ಏಕೆ?

ಹಸಿವಿನಿಂದ. ಈ ದ್ವೀಪಗಳ ಒಳ್ಳೆಯ ನೆಲದಲ್ಲೆಲ್ಲ ಕಬ್ಬು ಹಾಕಿದ್ದರು. ತಿನ್ನುವ ಜೋಳ, ಒಣಮೀನು, ಮನೆ ಕಟ್ಟುವ ಮರಮುಟ್ಟು ಇವೆಲ್ಲ ಉತ್ತರ ಅಮೆರಿಕದ ವಸಾಹತುಗಳಿಂದ ಬರುತ್ತಿದ್ದವು. ಯುದ್ಧ ಆರಂಭವಾದಂದಿನಿಂದ ಬ್ರಿಟಿಷ್ ದ್ವೀಪಗಳಿಗೆ ಆ ಸರಬರಾಜು ಕಡಿದುಹೋಗಿತ್ತು. ಅಳಿದುಳಿದ ಬಾಳೆ, ಗೆಣಸು, ಮುಸುಕಿನ ಜೋಳದ ತುಂಡು ಹೊಲಗಳನ್ನು ಚಂಡಮಾರುತ ಕಿತ್ತುಹಾಕಿತು. ಮೊದಲು ಪಡಿತರ ಕಡಿತವಾದದ್ದು ಗುಲಾಮರಿಗೆ.

ಇದರ ಪರಿಣಾಮ ಎಷ್ಟು ಘೋರವಾಗಿರಬಹುದೆಂಬುದಕ್ಕೆ ಜಮೈಕಾದ ಉದಾಹರಣೆ ಇದೆ. 1780ರಿಂದ 1787ರವರೆಗೆ ಒಂದರ ಮೇಲೊಂದು ಬಂದ ಚಂಡಮಾರುತಗಳು ಮತ್ತು ಕಡಿದುಹೋದ ವ್ಯಾಪಾರದಿಂದಾಗಿ ಅಲ್ಲಿ ಸುಮಾರು 15,000 ಗುಲಾಮರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರೆಂದು ಆ ದ್ವೀಪದ ಶಾಸನಸಭೆಯೇ ಲೆಕ್ಕ ಕೊಟ್ಟಿತು. ಬ್ರಿಟನ್ನಿನ ಸಂಸತ್ತು ಪರಿಹಾರವಾಗಿ ಬಾರ್ಬಡೋಸಿಗೆ 80,000 ಪೌಂಡ್, ಜಮೈಕಾಕ್ಕೆ 40,000 ಪೌಂಡ್ ಮಂಜೂರು ಮಾಡಿತು. ಅದು ಸೇರಿದ್ದು ಸ್ವತ್ತು ಕಳೆದುಕೊಂಡವರ ಕೈಗೆ. ಗುಲಾಮರಿಗೆ ಕಾನೂನಿನ ಕಣ್ಣಿನಲ್ಲಿ ಸ್ವತ್ತೇ ಇರಲಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

22,000 ಎಂಬ ಸಂಖ್ಯೆಯನ್ನು ಎಷ್ಟು ನಂಬಬಹುದು?

ಅದು ಎಣಿಕೆಯಲ್ಲ, ಸಂಕಲನ. ಬ್ರಿಟಿಷ್, ಫ್ರೆಂಚ್, ಡಚ್ ಆಡಳಿತಗಳು ಬೇರೆ ಬೇರೆಯಾಗಿ ಬರೆದ ವರದಿಗಳನ್ನು ನಂತರದ ಕಾಲದ ಸಂಶೋಧಕರು ಒಟ್ಟುಗೂಡಿಸಿ ಪಡೆದದ್ದು. ಮೇಲೆ ಹೇಳಿದ ನಾಲ್ಕು ದ್ವೀಪಗಳ ಅಂಕಿಗಳನ್ನು ಕೂಡಿದರೇ 23,500 ದಾಟುತ್ತದೆ. ಸಮುದ್ರದಲ್ಲಿ ಸತ್ತವರಲ್ಲಿ ಕೆಲವರು ದ್ವೀಪದ ಲೆಕ್ಕದಲ್ಲಿ ಸೇರಿದ್ದಾರೆ, ಕೆಲವರು ಸೇರಿಲ್ಲ. ಆದ್ದರಿಂದ ಕೆಲವು ಪಟ್ಟಿಗಳು 27,000ಕ್ಕೂ ಮೇಲೆ ಹೋಗುತ್ತವೆ. ಹಸಿವಿನಿಂದ ಆಮೇಲೆ ಸತ್ತವರು ಯಾವ ಪಟ್ಟಿಯಲ್ಲಿಯೂ ಇಲ್ಲ. ‘22,000ಕ್ಕೂ ಹೆಚ್ಚು’ ಎಂದು ಬರೆಯುವುದೇ ಪ್ರಾಮಾಣಿಕವಾದ ರೀತಿ. ಒಂದಂಕಿಯವರೆಗೆ ನಿಖರವಾದ ಸಂಖ್ಯೆ ಎಲ್ಲಾದರೂ ಕಂಡರೆ ಎಚ್ಚರವಿರಲಿ.

ಗಾಳಿಯ ವೇಗ ಗಂಟೆಗೆ 320 ಕಿ.ಮೀ. ಇತ್ತಂತೆ. ಅಳೆದವರು ಯಾರು?

ಯಾರೂ ಅಳೆದಿಲ್ಲ. ಬಾರ್ಬಡೋಸಿನಲ್ಲಿ ಬೀಳದೆ ನಿಂತಿದ್ದ ಮರಗಳ ತೊಗಟೆಯೇ ಸುಲಿದುಹೋಗಿತ್ತೆಂಬ ಅಂದಿನ ವಿವರಣೆಯನ್ನು ಆಧರಿಸಿ, ತೊಗಟೆ ಸುಲಿಯಲು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ಗಾಳಿ ಬೇಕೆಂದು ಕ್ಯೂಬಾದ ಹವಾಮಾನ ತಜ್ಞ ಹೋಸೆ ಮಿಯಾಸ್ ತರ್ಕಿಸಿದರು. ತರ್ಕ ಆಕರ್ಷಕವಾಗಿದೆ, ಆದರೆ ಅದನ್ನು ಅಳತೆಯೆಂದು ಹೇಳಬಾರದು. ಗಾಳಿಯ ಜೊತೆ ಹಾರಿಬರುವ ಮರಳು, ಕಲ್ಲು, ಮರದ ಚೂರುಗಳೂ ಗಂಟೆಗಟ್ಟಲೆ ಬಡಿದು ತೊಗಟೆಯನ್ನು ಕೀಳಬಲ್ಲವು. ಈ ಚಂಡಮಾರುತ ನಿಧಾನವಾಗಿ ಸರಿದದ್ದನ್ನು ಗಮನಿಸಿದರೆ ಆ ಸಾಧ್ಯತೆ ಇನ್ನಷ್ಟು ಬಲವಾಗುತ್ತದೆ.

ಗಾಳಿಯ ವೇಗದ ಮಾಪಕದಲ್ಲಿ ಇದು ಅತಿ ಬಲಿಷ್ಠವಾದ ಐದನೆಯ ವರ್ಗದ್ದೇ ಎಂದು ಕೇಳುವವರಿಗೂ ಇದೇ ಉತ್ತರ. ಅಟ್ಲಾಂಟಿಕ್ ಚಂಡಮಾರುತಗಳ ಅಧಿಕೃತ ದತ್ತಾಂಶ ಆರಂಭವಾಗುವುದು 1851ರಿಂದ, ವರ್ಗೀಕರಣದ ಮಾಪಕ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಗಟ್ಟಿ ಕಲ್ಲಿನ ಕಟ್ಟಡಗಳ ಅಡಿಪಾಯವೇ ಬಿರಿದದ್ದನ್ನು ಕಂಡ ರಾಡ್ನಿ, ಗಾಳಿಯೊಂದಿಗೆ ಭೂಕಂಪವೂ ಆಗಿರಲೇಬೇಕೆಂದು ಬರೆದ. ಭೂಕಂಪವಾದದ್ದಕ್ಕೆ ಬೇರೆ ಆಧಾರವಿಲ್ಲ. ಗಾಳಿಯ ಬಲವನ್ನು ಊಹಿಸಲು ಅವನ ಆ ಗೊಂದಲವೇ ಸಾಕು.

ಮಾರ್ಟಿನೀಕ್‌ನಲ್ಲಿ ಸಮುದ್ರ 25 ಅಡಿ ಏರಿತು ಎನ್ನುತ್ತಾರೆ. ಅಲ್ಲಿ ಕಡಲು ಆಳವಾಗಿದೆಯಲ್ಲ, ಅದು ಹೇಗೆ ಸಾಧ್ಯ?

ಪ್ರಶ್ನೆ ಸರಿಯಾಗಿದೆ. ಚಂಡಮಾರುತ ತಳ್ಳಿಕೊಂಡು ಬರುವ ನೀರು ಎತ್ತರಕ್ಕೆ ಏರುವುದು ಬಂಗಾಳ ಕೊಲ್ಲಿಯ ತಲೆಭಾಗದಂತೆ ಸಮುದ್ರದ ತಳ ದೂರದವರೆಗೆ ಆಳವಿಲ್ಲದೆ ಚಾಚಿರುವ ಕಡೆ. ಮಾರ್ಟಿನೀಕ್ ಜ್ವಾಲಾಮುಖಿಯಿಂದ ಎದ್ದ ದ್ವೀಪ, ದಡದಿಂದ ಸ್ವಲ್ಪ ದೂರದಲ್ಲಿಯೇ ಸಮುದ್ರ ಆಳಕ್ಕಿಳಿಯುತ್ತದೆ. ಅಂಥಲ್ಲಿ ತಳ್ಳಿದ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ಆದರೆ ಆಳವಾದ ನೀರು ಇನ್ನೊಂದು ಅಪಾಯವನ್ನು ಒಡ್ಡುತ್ತದೆ: ದೊಡ್ಡ ಅಲೆಗಳು ಬಲ ಕಳೆದುಕೊಳ್ಳದೆ ನೇರವಾಗಿ ದಡದವರೆಗೂ ಬಂದು ಒಡೆಯುತ್ತವೆ. ಆದ್ದರಿಂದ ಆ 25 ಅಡಿಯಲ್ಲಿ ಸಮುದ್ರಮಟ್ಟದ ಏರಿಕೆಗಿಂತ, ಅಲೆಗಳು ಇಳಿಜಾರಿನ ಮೇಲೆ ಹತ್ತಿ ಮುಟ್ಟಿದ ಎತ್ತರವೇ ಹೆಚ್ಚಿರಬೇಕು ಎಂಬುದು ನನ್ನ ತೀರ್ಮಾನ. ತಗ್ಗಿನಲ್ಲಿ ಕಡಲಿಗೆ ಅಂಟಿಕೊಂಡಂತಿದ್ದ ಸೇಂಟ್ ಪಿಯೆರ್‌ನವರ ಪಾಲಿಗೆ ಎರಡರ ಪರಿಣಾಮವೂ ಒಂದೇ.

ಆ ಒಂದೇ ತಿಂಗಳಲ್ಲಿ ಮೂರು ಚಂಡಮಾರುತ ಬಂದವೇ?

ದೊಡ್ಡವು ಮೂರು. ಅಕ್ಟೋಬರ್ 3ರಂದು ಜಮೈಕಾದ ಸವಾನಾ ಲ ಮಾರ್ ಪಟ್ಟಣದ ಮೇಲೆ ಸಮುದ್ರ ನುಗ್ಗಿ ಊರನ್ನು ಅಳಿಸಿಹಾಕಿತು. ಬ್ರಿಟಿಷರ ‘ಫೀನಿಕ್ಸ್’ ನೌಕೆ ಕ್ಯೂಬಾದ ತೀರದಲ್ಲಿ ಒಡೆದದ್ದು ಅದರಲ್ಲಿಯೇ. ಎರಡನೆಯದು ನಮ್ಮ ವಿಷಯ. ಮೂರನೆಯದು ಅಕ್ಟೋಬರ್ 16ರಂದು ಹವಾನಾದಿಂದ ಹೊರಟ ಸ್ಪೇನಿನ ಪಡೆಯನ್ನು ಮೆಕ್ಸಿಕೊ ಕೊಲ್ಲಿಯಲ್ಲಿ ಚದುರಿಸಿತು. ಬರ್ನಾರ್ಡೊ ದ ಗಾಲ್ವೆಸ್‌ನ ಸೈನಿಕರನ್ನು ಹೊತ್ತು ಫ್ಲೋರಿಡಾದಲ್ಲಿ ಬ್ರಿಟಿಷರ ವಶದಲ್ಲಿದ್ದ ಪೆನ್ಸಕೋಲವನ್ನು ಗೆಲ್ಲಲು ಹೊರಟಿದ್ದ ಆ ಪಡೆಯ ನೌಕಾಧಿಪತಿ ಸೊಲಾನೊನ ಹೆಸರಿನಿಂದಲೇ ಆ ಚಂಡಮಾರುತ ಪ್ರಸಿದ್ಧವಾಗಿದೆ. ಮೂರೂ ಬೇರೆ ಬೇರೆ ಎಂದು ಬಿಡಿಸಿ ತೋರಿಸಲು ರೀಡ್‌ನಂಥವರ ದಿನಚರಿ ಅಧ್ಯಯನಗಳು ಬೇಕಾದವು. ಹಳೆಯ ಬರಹಗಳಲ್ಲಿ ಮೊದಲ ಎರಡನ್ನು ಒಂದೇ ಎಂದು ಕಲಸಿಬಿಟ್ಟದ್ದು ಈಗಲೂ ಕಾಣಸಿಗುತ್ತದೆ.

ಯುದ್ಧದ ಗತಿಯನ್ನು ಅದು ಬದಲಿಸಿತೇ?

ಬದಲಿಸಿತು ಎನ್ನಲು ಆಗದು. ಎರಡೂ ಕಡೆಯವರು ಸಮವಾಗಿ ನೊಂದರು, ಎರಡೂ ಕಡೆಯವರು ಕೆಲವೇ ವಾರಗಳಲ್ಲಿ ಮತ್ತೆ ಕಾದಾಟಕ್ಕೆ ನಿಂತರು. ಸೇಂಟ್ ವಿನ್ಸೆಂಟ್‌ನ ಕೋಟೆಗಳು ಗಾಳಿಗೆ ಬಿದ್ದಿವೆಯೆಂಬ ಸುದ್ದಿ ನಂಬಿ ರಾಡ್ನಿ ಡಿಸೆಂಬರಿನಲ್ಲಿಯೇ ಅಲ್ಲಿ ಸೈನ್ಯ ಇಳಿಸಿದ. ಕೋಟೆಗಳು ಗಟ್ಟಿಯಾಗಿಯೇ ಇದ್ದದ್ದರಿಂದ ಬರಿಗೈಯಲ್ಲಿ ಹಿಂದಿರುಗಿದ. 1781ರ ಫೆಬ್ರವರಿಯಲ್ಲಿ, ಸಾವಿರಾರು ಜನ ಸತ್ತು ನಾಲ್ಕು ತಿಂಗಳೂ ಆಗಿರದ ಸಿಂಟ್ ಯುಸ್ಟಾಷಿಯಸ್ ಅನ್ನು ಹಿಡಿದು ಸೂರೆ ಮಾಡಿದ. ಸ್ಪೇನ್ 1781ರ ಮೇ ತಿಂಗಳಲ್ಲಿ ಪೆನ್ಸಕೋಲವನ್ನು ಗೆದ್ದೇಬಿಟ್ಟಿತು.

ಕರ್ನಾಟಕದ ಓದುಗರು ಇಲ್ಲೊಂದು ಸಮಕಾಲೀನತೆಯನ್ನು ಗುರುತಿಸಬಹುದು. ಇದೇ ಬ್ರಿಟನ್–ಫ್ರಾನ್ಸ್ ಹೋರಾಟದ ಇನ್ನೊಂದು ತುದಿಯಲ್ಲಿ, ಬಾರ್ಬಡೋಸಿನ ಆ ರಾತ್ರಿಗೆ ಸರಿಯಾಗಿ ಒಂದು ತಿಂಗಳ ಹಿಂದೆ, 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ಪಡೆಯನ್ನು ಸದೆಬಡಿದಿತ್ತು. ಆ ಶರತ್ಕಾಲದಲ್ಲಿ ಲಂಡನ್ನಿನತ್ತ ಎರಡು ಸಾಗರಗಳಿಂದ ಕೆಟ್ಟ ಸುದ್ದಿ ಹೊರಟಿತ್ತು.

ಇಂದು ಅಂಥದ್ದೇ ಬಂದರೆ ಅಷ್ಟೇ ಜನ ಸಾಯುತ್ತಾರೆಯೇ?

ಸಾವು ಅಷ್ಟಾಗದು, ನಷ್ಟ ಅದಕ್ಕೂ ಮೀರಬಹುದು. 1780ರಲ್ಲಿ ಬಾರ್ಬಡೋಸಿನವರಿಗೆ ಮುನ್ಸೂಚನೆ ಸಿಕ್ಕಿದ್ದು ಗಾಳಿ ಮುಖಕ್ಕೆ ಬಡಿದಾಗ. ಇಂದು ಆಫ್ರಿಕದ ತೀರ ಬಿಟ್ಟ ಮೋಡದ ಗುಂಪನ್ನು ಉಪಗ್ರಹ ಆರೇಳು ದಿನ ಮೊದಲೇ ಹಿಂಬಾಲಿಸುತ್ತದೆ, ವಿಮಾನಗಳು ಚಂಡಮಾರುತದ ಒಳಗೇ ಹೊಕ್ಕು ಒತ್ತಡ ಅಳೆಯುತ್ತವೆ. ಆದರೂ 2017ರಲ್ಲಿ ‘ಮಾರಿಯಾ’ ಡೊಮಿನಿಕದ ಹೆಚ್ಚಿನ ಮನೆಗಳ ಸೂರು ಕಿತ್ತಿತು, 2024ರಲ್ಲಿ ‘ಬೆರಿಲ್’ ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪದ ಬಹುತೇಕ ಕಟ್ಟಡಗಳನ್ನು ಮುರಿಯಿತು. ಸಣ್ಣ ದ್ವೀಪದವರಿಗೆ ಓಡಿಹೋಗಲು ಒಳನಾಡು ಎಂಬುದು ಇಲ್ಲ. ಮಾರಿಯಾದ ವಿಷಯದಲ್ಲಿ ಪೋರ್ಟೊ ರಿಕೊ ಮೊದಲು ಕೊಟ್ಟ ಸಾವಿನ ಲೆಕ್ಕ 64. ವಿದ್ಯುತ್ತು, ಔಷಧ, ನೀರು ಇಲ್ಲದೆ ನಂತರದ ತಿಂಗಳುಗಳಲ್ಲಿ ಸತ್ತವರನ್ನು ಅಧ್ಯಯನ ಮಾಡಿ ಸೇರಿಸಿದಾಗ ಅದು 2,975 ಆಯಿತು. ಗಾಳಿ ನಿಂತ ಮೇಲಿನ ಸಾವುಗಳನ್ನು ಲೆಕ್ಕಕ್ಕೆ ತರಲು ಅಲ್ಲಿ ಸುಮಾರು ಒಂದು ವರ್ಷ ಹಿಡಿಯಿತು.

ಈಗ ಅಲ್ಲಿಗೆ ಹೋದರೆ 1780ರ ಗುರುತು ಏನಾದರೂ ಕಾಣುತ್ತದೆಯೇ?

ಕಾಣುತ್ತದೆ. ಬ್ರಿಜ್‌ಟೌನಿನ ಸೇಂಟ್ ಮೈಕೇಲ್ ಚರ್ಚು ಆ ರಾತ್ರಿ ನೆಲಕ್ಕುರುಳಿತ್ತು. ಇಂದು ಅಲ್ಲಿ ನಿಂತಿರುವುದು 1789ರಲ್ಲಿ ಮತ್ತೆ ಕಟ್ಟಿದ್ದು. ಚಂಡಮಾರುತಕ್ಕೂ ಮೊದಲಿನದನ್ನು ನೋಡಬೇಕೆಂದರೆ ದ್ವೀಪದ ಒಳಭಾಗಕ್ಕೆ ಹೋಗಬೇಕು: ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಸೇಂಟ್ ನಿಕೊಲಸ್ ಆಬೆ ಮತ್ತು ಡ್ರ್ಯಾಕ್ಸ್ ಹಾಲ್ ಎಂಬ ಎರಡು ದೊಡ್ಡ ಮನೆಗಳು 1780ನ್ನೂ 1831ನ್ನೂ ದಾಟಿ ಉಳಿದಿವೆ. ಎರಡೂ ಕಬ್ಬಿನ ತೋಟದ ಒಡೆಯರ ಮನೆಗಳು. ಅವುಗಳ ಸುತ್ತಲಿನ ಹೊಲಗಳಲ್ಲಿ ದುಡಿದವರ ಅಂದಿನ ಗುಡಿಸಲುಗಳಲ್ಲಿ ಒಂದೂ ಉಳಿದಿಲ್ಲ.